ಹರಿಗೋಲವ್ವನ ಎಡಕ್ಕೆ ಬಿದ್ದ ಹೂವು

ಹೊರದಿನ, ತಿಂಗಳಿಲ್ಲ, ವಾರವಿಲ್ಲ, 2171
ಹೊಸ ಅಂಬಿಗರಹಾಳ, ತುಂಗಭದ್ರೆಯ ದಂಡೆ

ನೀಲಗಂಗಾ,

ಮೇಲಿನ ತಾರೀಖು ನೋಡಿ, ಯಾರೋ ತಮಾಷೆಗೆ ಬರೆದಿದ್ದಾರೆ ಎಂದು ಈ ಕಾಗದವನ್ನು ಬಿಸಾಡಬೇಡ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟೇ ದಿನ. ಹಾಗೆ ಎಣಿಸಿದರೆ ವರ್ಷದ ಕೊನೆಗೆ ಒಂದು ದಿನ ಉಳಿದುಬಿಡುತ್ತದೆ. ಅದು ಯಾವ ತಿಂಗಳಿಗೂ ಸೇರುವುದಿಲ್ಲ, ಸೋಮವಾರ ಮಂಗಳವಾರ ಎಂಬ ಹೆಸರೂ ಅದಕ್ಕಿಲ್ಲ. ಅದೇ ಹೊರದಿನ. ಪಂಚಾಂಗದವರು ಇದನ್ನು ಇನ್ನೂ ಒಪ್ಪಿಲ್ಲ, ಆದರೆ ಆ ದಿನದ ರಜೆಯನ್ನು ಮಾತ್ರ ಒಬ್ಬರೂ ಬಿಟ್ಟಿಲ್ಲ. ಹೊರದಿನ ಯಂತ್ರ ಮುಟ್ಟುವಂತಿಲ್ಲ. ನಮಗಿಂತ ಹಿಂದೆ ಬದುಕಿದ್ದವರಿಗೆ ಕೈಯಾರೆ ಒಂದು ಕಾಗದ ಬರೆದು ಹೊಳೆಯ ಮರಳಿನಲ್ಲಿ ಹೂಳಬೇಕು. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ತಲುಪುತ್ತದೆಯೇ ಎಂದು ಕೇಳುವ ಪದ್ಧತಿ ಇಲ್ಲ.

ನನ್ನ ಮಾತಿನ ರೀತಿ ನಿನಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸು. ನಿನ್ನ ಕಾಲದ ಕನ್ನಡವನ್ನು ನಾನು ನಿನ್ನ ನೋಟುಪುಸ್ತಕದಿಂದಲೇ ಕಲಿತದ್ದು. ನೀಲಿ ರಟ್ಟಿನ ಆ ಪುಸ್ತಕ ಕೈಯಿಂದ ಕೈಗೆ ಬಂದು ಈಗ ನನ್ನ ಹತ್ತಿರ ಇದೆ. ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಆ ಪುಟಗಳಲ್ಲಿ ನಿನಗಿನ್ನೂ ಇಪ್ಪತ್ತಾರು, ನನಗೆ ಅರವತ್ತಮೂರು. ಆದ್ದರಿಂದ ಏಕವಚನದಲ್ಲಿಯೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನನ್ನ ಹೆಸರು ತುಂಗವ್ವ ಅಂಬಿಗೇರ. ನೀನು ಹೊಸಪೇಟೆಯ ಬಾಡಿಗೆ ಕೋಣೆಯಲ್ಲಿ ಶುರು ಮಾಡಿದ ಕೆಲಸವನ್ನೇ ನಾನು ಮೂವತ್ತೆಂಟು ವರ್ಷದಿಂದ ಮಾಡುತ್ತಿದ್ದೇನೆ, ಮತ್ತು ದಣಿದಿದ್ದೇನೆ.

ಆ ಕೋಣೆಯನ್ನು ನಾನು ಕಣ್ಣಾರೆ ಕಂಡಷ್ಟು ಚೆನ್ನಾಗಿ ಬಲ್ಲೆ. ಕಿಟಕಿಗೆ ಹಳೆಯ ಸೀರೆಯ ಪರದೆ, ಗೋಡೆಗೆ ಒರಗಿಸಿದ ನಿಲುಗನ್ನಡಿ, ಸ್ಟೂಲಿನ ಮೇಲೆ ಡಬ್ಬಿ ಇಟ್ಟು ಡಬ್ಬಿಗೆ ಒರಗಿಸಿದ ಫೋನು. ನೀನು ಅದರ ಕ್ಯಾಮೆರಾ ಮುಂದೆ ಕೈ ಎತ್ತಿದರೆ ಲ್ಯಾಪ್‌ಟಾಪಿನೊಳಗಿನ ಗೊಂಬೆ ಆ ಕ್ಷಣವೇ ಕೈ ಎತ್ತುತ್ತದೆ. ಹಗಲೆಲ್ಲ ಗೇಮ್ ಕಂಪನಿಗಾಗಿ ರಾಕ್ಷಸರನ್ನು ಕುಣಿಸುತ್ತೀ, ಸಂಜೆ ಗುಡಿಗೆ ಹೋಗಿ ದೀಪ ಹಚ್ಚುತ್ತೀ. ಒಂದು ದಿನ ಪುಸ್ತಕದಲ್ಲಿ ಬರೆಯುತ್ತೀ: ಹಗಲಿನ ಕೆಲಸ ಒಂದು, ಅವ್ವ ಹೇಳಿದ ಕಥೆ ಒಂದು, ಗುಡಿ ಒಂದು, ಈ ಮೂರೂ ಯಾಕೆ ಬೇರೆ ಬೇರೆ ಇರಬೇಕು? ಆ ಒಂದು ಪ್ರಶ್ನೆಯಿಂದ ನಾಲ್ಕು ತಲೆಮಾರಿನ ಹೆಂಗಸರಿಗೆ ಉದ್ಯೋಗ ಸಿಕ್ಕಿತು. ನಿನ್ನ ಮೇಲೆ ನನಗೆ ಪ್ರೀತಿ ಇದೆ, ಸಿಟ್ಟೂ ಇದೆ. ಎರಡನ್ನೂ ಹೇಳುತ್ತೇನೆ.

ಹರಿಗೋಲವ್ವನ ಕಥೆ ಈಗಲೂ ನಿನ್ನ ಅವ್ವ ಹೇಳಿದ ಹಾಗೆಯೇ ಇದೆ. ಹೊಳೆ ತುಂಬಿ ಬಂದಾಗ ಆಚೆ ದಂಡೆಯಲ್ಲಿ ಒಬ್ಬಳು ಹೆರಿಗೆ ನೋವಿನಲ್ಲಿ ಇದ್ದಾಳೆ. ಯಾವ ಅಂಬಿಗನೂ ಹೋಗಲು ಒಪ್ಪುವುದಿಲ್ಲ. ಸೂಲಗಿತ್ತಿಯೊಬ್ಬಳು ತಾನೇ ಹರಿಗೋಲು ಹತ್ತಿ, ಗರಗರ ತಿರುಗುತ್ತ ದಾಟಿ, ಹೆರಿಗೆ ಮಾಡಿಸುತ್ತಾಳೆ. ಬರುವಾಗ ಹೊಳೆ ಅವಳನ್ನು ಇಟ್ಟುಕೊಂಡುಬಿಡುತ್ತದೆ. ಖಾಲಿ ಹರಿಗೋಲು ಒಂದು ಕಣಗಿಲ ಹೂವನ್ನು ಹೊತ್ತುಕೊಂಡು ದಂಡೆಗೆ ಬರುತ್ತದೆ. ಅಂದಿನಿಂದ ಅವಳೇ ಊರಿನ ದೇವರು, ಎಲ್ಲರ ಅವ್ವ. ನೀನು ನಿನ್ನ ಗೊಂಬೆಗೆ ಅವಳ ರೂಪ ಕೊಟ್ಟು, ತಲೆಯ ಮೇಲೆ ಆ ಹೂವನ್ನು ಇಟ್ಟೆ. ತಲೆ ಅಲ್ಲಾಡಿದರೆ ಹೂವೂ ಅಲ್ಲಾಡಲಿ, ಚೆಂದ ಕಾಣುತ್ತದೆ ಎಂದು ಅದನ್ನು ಅಂಟಿಸದೆ ಸಡಿಲ ಬಿಟ್ಟೆ.

ಈಗ ನಮ್ಮ ದಿನಗಳು ಹೇಗಿವೆ ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿನಗೆ ತಿಳಿಯುವುದಿಲ್ಲ. ಬೆಳಗಿನ ಹನ್ನೊಂದರಿಂದ ಸಂಜೆ ಐದರವರೆಗೆ ಬಿಸಿಲುಕಟ್ಟು. ಆ ಹೊತ್ತಿನಲ್ಲಿ ಹೊರಗೆ ಕಾಲಿಟ್ಟರೆ ಪಹರೆಯವರು ಹಿಡಿದು ಒಳಗೆ ಕಳಿಸುತ್ತಾರೆ. ಮನೆಗಳು ಅರ್ಧ ನೆಲದ ಮೇಲೆ, ಅರ್ಧ ನೆಲದ ಕೆಳಗೆ. ಅನ್ನ ಹಬ್ಬಕ್ಕೆ ಮಾತ್ರ, ಉಳಿದ ದಿನ ಸಜ್ಜಿ ರೊಟ್ಟಿ ಮತ್ತು ಪುಂಡಿಪಲ್ಲೆ. ಅದರಲ್ಲಿ ಏನೂ ಬದಲಾಗಿಲ್ಲ, ನಿನಗೆ ಸಮಾಧಾನ ಆಗಬಹುದು. ಜಲಾಶಯದ ಹೂಳು ನಮ್ಮ ಹಳೆಯ ಊರನ್ನೂ ಅವ್ವನ ಕಲ್ಲುಗುಡಿಯನ್ನೂ ನುಂಗಿತು. ಊರು ಮೇಲಕ್ಕೆ ಬಂತು, ಕಲ್ಲು ಬರಲಿಲ್ಲ. ಅವ್ವನ ಕಥೆಯ ಆಟ ನಡೆಯುವುದು ನಸುಕಿನಲ್ಲಿ, ಬಿಸಿಲು ಏರುವ ಮೊದಲು. ಬಯಲಿನಲ್ಲಿ ಸಣ್ಣ ಕೆಂಪು ಧೂಳನ್ನು ಗಾಳಿಯಲ್ಲಿ ನಿಲ್ಲಿಸುತ್ತೇವೆ, ಅದರ ಮೇಲೆ ಬೆಳಕು ಬಿದ್ದು ಅವ್ವ ಎರಡಾಳೆತ್ತರ ಮೂಡುತ್ತಾಳೆ. ಅದಕ್ಕೆ ಧೂಳುತೆರೆ ಎಂದು ಹೆಸರು. ನೀವು ರಿಯಲ್ ಟೈಮ್ ಎನ್ನುತ್ತಿದ್ದುದನ್ನು ನಾವು ಆಗಿಂದಾಗ ಎನ್ನುತ್ತೇವೆ. ಧೂಳುತೆರೆಯ ಹಿಂದೆ ನಾನು ಒಡಲಂಗಿ ತೊಟ್ಟು ನಿಲ್ಲುತ್ತೇನೆ. ಅದರ ಎಳೆಗಳು ನನ್ನ ಪ್ರತಿ ಅಲುಗಾಟವನ್ನೂ ಅವ್ವನಿಗೆ ಕೊಡುತ್ತವೆ. ಸೆರಗು, ಕೂದಲು, ಹೂವು ಮುಂತಾದ ನನ್ನ ಮೈಯಲ್ಲಿ ಇಲ್ಲದವನ್ನು ಊಹೆಗಾರ ಎಂಬ ಯಂತ್ರ ತಾನೇ ಊಹಿಸಿ ಆಡಿಸುತ್ತದೆ. ಬೇರೆಯವರಿಗೆ ದೇವರು ಮೈಮೇಲೆ ಬರುತ್ತದೆ. ನಮ್ಮ ಕಸುಬಿನಲ್ಲಿ ನಾವೇ ದೇವರ ಮೈಮೇಲೆ ಹೋಗುತ್ತೇವೆ.

ಇದು ಹುಡುಗಾಟದ ಮಾತಲ್ಲ. ಪ್ರತಿ ಆಟಕ್ಕೂ ಮುಂಚೆ ನಾನು ನೆಲ ಮುಟ್ಟಿ ಅವ್ವನ ಅಪ್ಪಣೆ ಕೇಳುತ್ತೇನೆ. ಉಪವಾಸ ಇರುತ್ತೇನೆ. ತೆರೆಯ ಹಿಂದೆ ಮೈ ಕೊಟ್ಟವಳು ಬಾಯಿ ತೆರೆಯಬಾರದು ಎಂಬುದು ನಮ್ಮ ಎಲ್ಲಕ್ಕಿಂತ ದೊಡ್ಡ ನಿಯಮ. ಅವ್ವ ಮನುಷ್ಯರ ದನಿಯಲ್ಲಿ ಮಾತಾಡುವುದಿಲ್ಲ ಎಂದು ಕಾರಣ ಹೇಳುತ್ತಾರೆ. ಕಥೆಯನ್ನೆಲ್ಲ ಪಕ್ಕದಲ್ಲಿ ಕೂತ ಪದಗಾರ ಹಾಡುತ್ತಾನೆ. ಮೂವತ್ತು ವರ್ಷ ನನ್ನ ಪದಗಾರ ದ್ಯಾಮಪ್ಪ. ನನ್ನ ಗಂಡ ಸತ್ತಾಗ ನನಗೆ ರೊಟ್ಟಿ ತಂದುಕೊಟ್ಟು ಉಣ್ಣಿಸಿದವರು ಅವನೂ ಅವನ ಹೆಂಡತಿ ಫಕೀರವ್ವನೂ. ಅವನ ದನಿ ಕೇಳಿದರೆ ನನ್ನ ಕೈ ತಾನಾಗಿ ಮೇಲೇಳುತ್ತಿತ್ತು.

ಈಗ ಹೂವಿನ ವಿಷಯ. ನೀವು ಕಲ್ಲುದೇವರ ಮೈಗೆ ಒದ್ದೆ ಹೂವು ಅಂಟಿಸಿ ಪ್ರಸಾದ ಕೇಳುತ್ತಿದ್ದಿರಲ್ಲ, ದೇವರ ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ ಎಂದು? ಕಲ್ಲುಗುಡಿ ಹೂಳಿನಡಿ ಹೋದ ಮೇಲೆ ಜನಕ್ಕೆ ಕೇಳುವ ಜಾಗವೇ ಇಲ್ಲದಾಯಿತು. ನನ್ನ ಅಜ್ಜಿಯ ಕಾಲದಲ್ಲಿ ಒಂದು ನಸುಕು, ಆಟ ಮುಗಿದು ಅವ್ವ ಎರಡೂ ಕೈ ಎತ್ತಿ ಹರಸುತ್ತಿರುವಾಗ ಹೂವು ಜಾರಿತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ, ಮನಸ್ಸಿನಲ್ಲಿ ಏನನ್ನೋ ಕೇಳಿಕೊಂಡಿದ್ದವಳು, ಎದ್ದು ನಿಂತು ಅತ್ತಳು. ಇದನ್ನು ಪ್ರಸಾದ ಅನ್ನಬೇಡಿ ಎಂದು ಅಜ್ಜಿ ಒಂದು ವರ್ಷ ತಡೆದಳು, ಆಮೇಲೆ ಸೋತಳು. ಅಂದಿನಿಂದ ಆಟದ ಕೊನೆಗೆ ಎಂಟು ಸಾಲಿನ ಹೂವಿನ ಪದ. ಅದು ಮುಗಿಯುವವರೆಗೆ ನಾನು ಕೈ ಎತ್ತಿ ಕಲ್ಲಿನಂತೆ ನಿಲ್ಲಬೇಕು. ಹೂವು ಎತ್ತ ಬೀಳುತ್ತದೆಯೋ ಅದು ಅವ್ವನ ಮಾತು. ಯಾವ ಮನೆ ಬಿಡಬೇಕು, ಯಾರನ್ನು ಮದುವೆಯಾಗಬೇಕು ಎಂದೆಲ್ಲ ಕೇಳುತ್ತಾರೆ. ನಾನೂ ಕೇಳಿದ್ದೇನೆ. ನಂಬದೆ ಇದ್ದಿದ್ದರೆ ಮೂವತ್ತೆಂಟು ವರ್ಷ ಕೈ ಎತ್ತಿ ನಿಲ್ಲುತ್ತಿರಲಿಲ್ಲ.

ಹೋದ ವರ್ಷ ದ್ಯಾಮಪ್ಪನ ಗಂಟಲಲ್ಲಿ ಗಂಟು ಕಾಣಿಸಿತು. ಆಸ್ಪತ್ರೆಯವರು ಸ್ಪಷ್ಟವಾಗಿ ಹೇಳಿದರು: ತಿಂಗಳೊಳಗೆ ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಫಕೀರವ್ವ ಅವತ್ತೇ ಹೋಗೋಣ ಎಂದಳು. ಅವನು ಒಪ್ಪಲಿಲ್ಲ. ಅವ್ವ ಬಲಕ್ಕೆ ಹೂವು ಕೊಟ್ಟರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದ. ಫಕೀರವ್ವ ಬಂದು ಮುಂದಿನ ಸಾಲಿನಲ್ಲಿ ಕೂತು ಪ್ರಸಾದ ಕೇಳಿದಳು. ದ್ಯಾಮಪ್ಪ ತನ್ನ ಸಾವು ಬದುಕಿನ ಹೂವಿಗೆ ತಾನೇ ಪದ ಹಾಡಿದ. ಅಷ್ಟು ಚೆನ್ನಾಗಿ ಅವನು ಎಂದೂ ಹಾಡಿರಲಿಲ್ಲ. ಒಂದೊಂದು ಸಾಲನ್ನೂ ಮೂರು ಮೂರು ಸಲ ತಿರುವಿ ತಿರುವಿ ಹಾಡಿದ. ನಾನು ತೆರೆಯ ಹಿಂದೆ ಅಳುತ್ತ ನಿಂತಿದ್ದೆ. ಹೂವು ಅವ್ವನ ಎಡಕ್ಕೆ ಬಿತ್ತು. ಅವನು ಆಸ್ಪತ್ರೆಗೆ ಹೋಗಲಿಲ್ಲ. ಐದು ತಿಂಗಳು ಹಾಡಿದ, ಎರಡು ತಿಂಗಳು ಮಲಗಿದ, ಸತ್ತ.

ಅವನು ಹೋದ ಮೇಲೆ ನನ್ನ ಬಲ ಭುಜದ ನೋವು ಹೆಚ್ಚಾಯಿತು. ಭುಜ ನೋಡಿದ ಡಾಕ್ಟರಮ್ಮ ಒಡಲಂಗಿಯಲ್ಲಿ ಉಳಿದಿರುವ ಅಲುಗಾಟದ ಜಾಡುಗಳನ್ನು ತೆಗೆದು ಮುಂದಿಟ್ಟಳು. ನಾಲ್ಕು ವರ್ಷದಿಂದ ನನ್ನ ಬಲ ಭುಜ ಕೈ ಎತ್ತಿದ ಸ್ವಲ್ಪ ಹೊತ್ತಿಗೆ ಎರಡು ಬೆರಳಷ್ಟು ಇಳಿಯುತ್ತಿದೆ. ನನಗೆ ಗೊತ್ತೇ ಆಗಿರಲಿಲ್ಲ. ನೆಟ್ಟಗೆ ನಿಂತಿದ್ದೇನೆ ಎಂದೇ ತಿಳಿದಿದ್ದೆ. ನೀನು ನಿಲುಗನ್ನಡಿಯಲ್ಲಿ ನೋಡಿಕೊಂಡು ಕಲಿತವಳು, ಗೊಂಬೆಯೂ ಕನ್ನಡಿಯ ಹಾಗೆಯೇ ಇರಲಿ ಎಂದು ಬಿಟ್ಟವಳು. ಆದ್ದರಿಂದ ಇಂದಿಗೂ ನಮ್ಮ ಬಲ ಅವ್ವನ ಎಡ. ನನ್ನ ಬಲ ಭುಜ ಇಳಿದರೆ ಅವ್ವ ಎಡಕ್ಕೆ ವಾಲುತ್ತಾಳೆ, ಹೂವು ಎಡಕ್ಕೆ ಜಾರುತ್ತದೆ. ಈ ನಾಲ್ಕು ವರ್ಷದಲ್ಲಿ ಹತ್ತು ಹೂವಿಗೆ ಏಳು ಎಡಕ್ಕೇ ಬಿದ್ದಿವೆ. ಅವ್ವ ಈಚೆಗೆ ಮುನಿದಿದ್ದಾಳೆ ಎಂದು ಊರಿಗೆ ಊರೇ ಉಪವಾಸ ಮಾಡಿತು, ನಾನೂ ಮಾಡಿದೆ. ಮುನಿದದ್ದು ನನ್ನ ಕೀಲು. ನೀನು ಕನ್ನಡಿಯಂತೆ ಬಿಡದೆ ಬಲಕ್ಕೆ ಬಲವನ್ನೇ ಜೋಡಿಸಿದ್ದರೆ ಅವ್ವ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು, ಊರವರು ಹೋಳಿಗೆ ಮಾಡುತ್ತಿದ್ದರು. ನಗು ಬಂದರೆ ನಗು. ನಾನು ಒಂದು ಸಲ ನಕ್ಕು, ಆಮೇಲೆ ಎರಡು ದಿನ ಊಟ ಬಿಟ್ಟೆ.

ದ್ಯಾಮಪ್ಪನ ಹೂವಿನ ದಿನದ ಜಾಡೂ ಅದರಲ್ಲಿತ್ತು. ಭುಜ ಎರಡಲ್ಲ, ನಾಲ್ಕು ಬೆರಳು ಇಳಿದಿತ್ತು. ಅದು ಬರೀ ಸುಸ್ತೇ ಎಂದು ನಾನು ಆಣೆ ಮಾಡಲಾರೆ. ಅವನ ದನಿ ಹೋದರೆ ನಾನು ಹೇಗೆ ಕೈ ಎತ್ತಲಿ ಎಂಬ ಚಿಂತೆ ನನಗಿತ್ತು. ಅವನು ಹಾಡುತ್ತಲೇ ಇರಲಿ ಎಂಬ ಆಸೆಯೇ ಭುಜಕ್ಕೆ ಇಳಿಯಿತೋ ಏನೋ. ನಮ್ಮ ಆಟದ ಮಂಡಳಿಯ ಹಿರಿಯ ಕೊಟ್ರಪ್ಪನಿಗೆ ಹೇಳಿದೆ. ಅವನು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದ: “ಇದನ್ನ ಇಲ್ಲಿಗೇ ಬಿಡು, ತುಂಗವ್ವ. ಮಂದಿಗೆ ಅವ್ವನ ಮ್ಯಾಲ ನಂಬಿಕಿ ಹೋದ್ರ ಉಳಿಯೂದೇನು? ನಿನ್ನ ಭುಜಾ ಜಗ್ಗಿದಾಕಿನೂ ಅವ್ವನ ಅಂತ ತಿಳಕೊ, ಸುಮ್ಮನ ಮಕ್ಕೊ.”

ಹಾಗೆ ತಿಳಿದುಕೊಳ್ಳಲು ನಾನು ಹದಿನೈದು ದಿನ ಪ್ರಯತ್ನಪಟ್ಟೆ. ಅವ್ವ ಕಲ್ಲಿನಲ್ಲಿ ಇರಬಹುದಾದರೆ ಕೀಲಿನಲ್ಲಿ ಯಾಕೆ ಇರಬಾರದು? ಮಾತು ಸುಳ್ಳಾಗಿರಲಿಕ್ಕಿಲ್ಲ. ಆದರೆ ಅದು ನನಗೆ ತುಂಬಾ ಅನುಕೂಲವಾಗಿತ್ತು, ಅದೇ ನನ್ನನ್ನು ಚುಚ್ಚಿತು. ಫಕೀರವ್ವ ಒಬ್ಬಳೇ ಆಗಿದ್ದಳು. ತನ್ನ ಗಂಡನನ್ನು ದೇವರೇ ಬೇಡ ಅಂದಿತು ಎಂದು ಅವಳು ತಿಳಿದಿದ್ದರೆ, ಅದನ್ನು ಹಾಗೇ ಬಿಡುವುದು ನನ್ನಿಂದ ಆಗಲಿಲ್ಲ. ನಾಲ್ಕು ದಿನದ ಹಿಂದೆ, ಬಿಸಿಲುಕಟ್ಟಿಗೆ ಇನ್ನೂ ಒಂದು ತಾಸು ಇರುವಾಗ, ಅವಳ ಮನೆಯ ಮೆಟ್ಟಿಲು ಇಳಿದೆ. ಅವಳು ಮೊರದಲ್ಲಿ ಪುಂಡಿಸೊಪ್ಪು ಬಿಡಿಸುತ್ತಿದ್ದಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ.

“ಅವತ್ತು ಎಡಕ್ಕ ಹೂ ಕೊಟ್ಟಾಕಿ ಅವ್ವ ಅಲ್ಲ, ಫಕೀರವ್ವ. ನಂದು ಬಲ ಭುಜಾ ಬಿದ್ದಿತ್ತು.”

ಅವಳು ತಲೆ ಎತ್ತಲಿಲ್ಲ. “ಗೊತ್ತೈತಿ” ಅಂದಳು.

ಅವಳು ಸೊಪ್ಪು ಬಿಡಿಸುತ್ತಲೇ ಹೇಳಿದಳು: “ನಿನ್ನ ಬಲಗೈ ಸೋತೈತಿ ಅಂತ ನಮ್ಮವರು ಮೂರು ವರ್ಷದಿಂದ ಅನ್ನತಿದ್ರು. ಆರನೇ ಸಾಲು ದಾಟಿದ್ರ ತುಂಗಿ ಕೈ ನಿಲ್ಲೂದಿಲ್ಲ, ಹೇಳಿದ್ರ ಆಟ ಬಿಟ್ಟಾಳು ಅಂತ ನಿನ್ನ ಮುಂದ ಬಾಯಿ ಮುಚಗೊಂಡಿದ್ರು. ಅವತ್ತು ಪದಾ ಯಾಕ ಅಷ್ಟು ಎಳದ್ರು, ನಿನಗ ಅಷ್ಟೂ ತಿಳೀಲಿಲ್ಲೇನು? ದನಿ ಬಿಡಾಕ ಮನಸಿರಲಿಲ್ಲ ಅವರಿಗೆ. ಅವ್ವನ ಬಾಯಿಲೆ ಬ್ಯಾಡ ಅನ್ನಿಸಿಕೊಂಡ್ರು.”

ನಾನು ಅವಳ ಮುಂದೆ ಕೂತೆ. ನೀನು ಎಲ್ಲ ತಿಳಿದೂ ಸುಮ್ಮನೆ ಕೂತೆಯಾ ಎಂದು ಕೇಳಿದೆ, ಕೇಳಬಾರದಿತ್ತು. ಆಗ ಅವಳು ತಲೆ ಎತ್ತಿದಳು.

“ನಾ ಮುಂದ ಕುಂತು ಸಾಲು ಎಣಸಾಕತ್ತಿದ್ದೆ. ಅವ್ವಾ, ಈಕಿ ಭುಜಾ ಬೀಳಗೊಡಬ್ಯಾಡ ಅಂತ ಬೇಡಕೊಂಡೆ. ಅವತ್ತು ನಾ ಬೇಡಿದ್ದು ಅಷ್ಟ. ನಾ ಹೆಂಗ ಎದ್ದು ನಿಲ್ಲಸಲಿ? ನನ್ನ ಮುಂದ ನಿಂತಾಕಿ ಅವ್ವ. ತೆರಿ ಹಿಂದ ಇದ್ದಾಕಿ ನೀನು. ಕೈ ನೋಯಾಕತ್ತಿದ್ದು ನಿನಗ. ‘ಸಾಕ್ ಮಾಡೋ ದ್ಯಾಮಾ, ದವಾಖಾನಿಗೆ ನಡಿ’ ಅಂತ ಒಂದ ಮಾತು ಅನ್ನಾಕ ನಿನಗೇನಾಗಿತ್ತು?”

ಮೈ ಕೊಟ್ಟವಳು ಬಾಯಿ ತೆರೆಯಬಾರದಲ್ಲ ಎಂದೆ. ಅದನ್ನು ಹೇಳಿದಾಗ ನನಗೇ ನಾಚಿಕೆಯಾಯಿತು.

“ಯಾರು ಮಾಡಿದ್ದು ಆ ನಿಯಮಾ?” ಎಂದು ಕೇಳಿದಳು. ಹಿರಿಯರು ಎಂದೆ. ಅವಳು ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಬಿಸಿಲುಕಟ್ಟಿನ ಸೈರನ್ ಕೂಗುವ ಮೊದಲು ಮನೆಗೆ ಹೋಗು ಎಂದಳು.

ನಾನು ಮನೆಗೆ ಬಂದು ನಿನ್ನ ಪುಸ್ತಕ ತೆಗೆದೆ. ಅದನ್ನು ನಾವು ಪೂಜೆಯ ದಿನ ಹೊರಗಿಟ್ಟು ಕುಂಕುಮ ಹಚ್ಚುತ್ತೇವೆ, ಗೊಂಬೆಯ ಲೆಕ್ಕಾಚಾರ ಇರುವ ಮೊದಲ ಪುಟಗಳನ್ನು ಓದುತ್ತೇವೆ. ಹಿಂದಿನ ಪುಟಗಳ ಗೀಚುಬರಹವನ್ನು ಯಾರೂ ಪೂರ್ತಿ ಓದಿದವರಲ್ಲ. ಮೂರು ದಿನ ಓದಿದೆ. ನಿಯಮ ಎಲ್ಲಿಂದ ಬಂತು ಎಂದು ಹುಡುಕಿದೆ. ಸಿಕ್ಕಿತು. ಪೆನ್ಸಿಲಿನಲ್ಲಿ, ಹಾಲಿನವನ ಫೋನ್ ನಂಬರಿನ ಕೆಳಗೆ, ನೀನು ಬರೆದಿದ್ದೀ: ಇವತ್ತು ಹರಿಗೋಲವ್ವನ ಇಡೀ ಆಟ ಮಾತಿಲ್ಲದೆ ಬರೀ ಮೈಯಿಂದ ಮಾಡಿದೆ. ಪಕ್ಕದ ಮನೆಯ ಕೂಸು ಮಲಗಿತ್ತು, ಗೋಡೆ ತೆಳು. ನಾಳೆ ಕೂಸು ಎದ್ದಿರುವಾಗ ಮಾತು ಸೇರಿಸಿ ಮಾಡಿ ನೋಡಬೇಕು. ಇಲ್ಲದಿದ್ದರೆ ಯಾರ ಕೈಲಾದರೂ ಆಮೇಲೆ ಹಾಡಿಸಿದರಾಯಿತು.

ಇಷ್ಟೇ. ಮರುದಿನದ ಪುಟದಲ್ಲಿ ಮಾತಿನ ಸುದ್ದಿಯೇ ಇಲ್ಲ. ನೀನು ಮರೆತೆಯೋ, ಕೂಸು ಅವತ್ತೂ ಮಲಗಿತ್ತೋ, ನನಗೆ ಗೊತ್ತಿಲ್ಲ. ನಿನ್ನ ಮಗಳು ನೋಡಿ ಕಲಿತಳು, ಅವಳ ಮಗಳು ಅದಕ್ಕೆ ಕಾರಣ ಕಟ್ಟಿದಳು, ನನ್ನ ಹೊತ್ತಿಗೆ ಅದು ದೇವರ ಆಜ್ಞೆಯಾಗಿತ್ತು. ನಾನು ಆ ಆಜ್ಞೆಯನ್ನು ಪಾಲಿಸುತ್ತ ನನ್ನ ಸ್ನೇಹಿತನ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತೆ. ನಿನ್ನನ್ನು ಬೈಯಲು ಕೂತವಳಿಗೆ ಈಗ ಬೈಯಲು ಶಕ್ತಿ ಇಲ್ಲ.

ಹೂವನ್ನು ತೆಗೆ ಎಂದು ನಾನು ಹೇಳುವುದಿಲ್ಲ. ಹೂವು ಚೆಂದ ಇದೆ, ಜನ ಕೇಳಲು ಒಂದಲ್ಲ ಒಂದು ಜಾಗ ಹುಡುಕಿಕೊಳ್ಳುತ್ತಾರೆ. ಕಥೆ ಹೇಳಬೇಡ, ನಂಬಬೇಡ, ಗೇಮಿನ ರಾಕ್ಷಸರಿಗೇ ತೃಪ್ತಿಪಡು ಎಂದೂ ಹೇಳುವುದಿಲ್ಲ. ಅವ್ವನ ಮೇಲಿನ ನನ್ನ ನಂಬಿಕೆ ಹೋಗಿಲ್ಲ. ಅವತ್ತು ಅವಳು ನನ್ನ ನಾಲಿಗೆಯ ತುದಿಯವರೆಗೆ ಬಂದಿದ್ದಳು, ನಾನೇ ಹಲ್ಲು ಕಚ್ಚಿದೆ ಎಂದು ಈಗ ನನಗೆ ಅನ್ನಿಸುತ್ತದೆ. ಹೊಸ ವರ್ಷದ ಮೊದಲ ನಸುಕಿಗೆ ನಾನು ತೆರೆಯ ಹಿಂದಿನಿಂದ ನನ್ನ ಹೆಸರು ಹೇಳಲಿದ್ದೇನೆ, ಭುಜದ ವಿಷಯವನ್ನೂ ಹೇಳಲಿದ್ದೇನೆ. ಕೊಟ್ರಪ್ಪ ಮಂಡಳಿಯಿಂದ ತೆಗೆದುಹಾಕಬಹುದು. ಫಕೀರವ್ವ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಅವಳು ಕ್ಷಮಿಸಿದ್ದೇನೆ ಎಂದು ಹೇಳಿಲ್ಲ, ನಾನೂ ಕೇಳಿಲ್ಲ.

ನಿನ್ನಲ್ಲಿ ಒಂದೇ ಬೇಡಿಕೆ. ನಾಳೆ ನೀನು ಕ್ಯಾಮೆರಾ ಮುಂದೆ ನಿಂತು ಅವ್ವನಾಗಿ ಕೈ ಎತ್ತಿದಾಗ, ಒಂದು ಮಾತಾಡು. ಏನಾದರೂ ಸರಿ. ನಿನ್ನ ಹೆಸರು ಹೇಳು, ಕೈ ನೋಯುತ್ತಿದೆ ಎನ್ನು, ಹಸಿವಾಗಿದೆ ಎನ್ನು. ಮೆಲ್ಲಗೆ ಬೇಡ, ಕೇಳಿಸುವಂತೆ ಹೇಳು. ಕೂಸು ಎದ್ದು ಅತ್ತರೆ ಅಳಲಿ. ಅದರ ತಾಯಿ ಬಂದು ಬಾಗಿಲು ಬಡಿದರೆ ತೆಗೆ, ಬೈಸಿಕೋ. ಅವ್ವನ ಮೈಯೊಳಗೆ ಒಬ್ಬಳು ಹೆಂಗಸು ನಿಂತಿದ್ದಾಳೆ ಎಂದು ಪಕ್ಕದ ಮನೆಯವರಿಗಾದರೂ ಗೊತ್ತಾಗಲಿ.

ನಿನ್ನ ಮೊಮ್ಮಗಳ ಮೊಮ್ಮಗಳು,
ತುಂಗವ್ವ